ಹತ್ತನೇ ಪುಸ್ತಕಕ್ಕೆ ಬಿಟ್ಟ ಕತೆಗೆ ಮರಳುವುದು ಹೇಗೆ?

ಅಕ್ಕನ ಮಗಳು ಮೊನ್ನೆ ಧಾರವಾಡದ ನಮ್ಮ ಮನೆಗೆ ಬಂದವಳು ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಮಂಚದ ಮೇಲಿಟ್ಟಳು. ‘ವೀಲ್ ಆಫ್ ಟೈಮ್’ ಎಂಬ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸರಣಿಯ ಹತ್ತನೆಯದು. ನಡುವೆ ಗುರುತಿಗೆ ಇಟ್ಟದ್ದು ಬಸ್ಸಿನ ಟಿಕೆಟ್. ಅಕ್ಷರವೆಲ್ಲ ಮಾಸಿ ಬರೀ ಬಿಳಿ ಚೀಟಿ ಉಳಿದಿತ್ತು.

“ಚಿಗವ್ವ, ಇಲ್ಲಿಗೆ ಬಿಟ್ಟು ಆರು ವರ್ಷ ಆತು. ಈಗ ಮತ್ತ ಓದಬೇಕು ಅನಸಾಕತ್ತೈತಿ. ಮೊದಲಿಂದ ಚಾಲೂ ಮಾಡ್ಲೋ, ಇಲ್ಲಿಂದ ಮುಂದ ಹೋಗ್ಲೋ?”

ಇದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಈ ವರ್ಷ ನಾನು ತುಂಬಾ ಕೇಳಿದ್ದೇನೆ. ಗದಗದ ಶಾಲೆಯೊಂದರಲ್ಲಿ ಕಲಿಸುವ ಗೆಳತಿ ಹ್ಯಾರಿ ಪಾಟರ್ ಅನ್ನು ಐದನೆಯದಕ್ಕೆ ಬಿಟ್ಟಿದ್ದಾಳೆ. ಹುಬ್ಬಳ್ಳಿಯ ನವನಗರದಲ್ಲಿ ನರ್ಸ್ ಆಗಿರುವ ಇನ್ನೊಬ್ಬಳಿಗೆ ಓದುವ ಆಸೆ ಇದೆ, ಕುಳಿತು ಓದಲು ಹೊತ್ತಿಲ್ಲ. ಹಾವೇರಿಯ ನನ್ನ ಸೋದರಮಾವನ ಮಗ ಬರದೇ ಇರುವ ಪುಸ್ತಕಕ್ಕೆ ವರ್ಷಗಟ್ಟಲೆ ಕಾಯುತ್ತಿದ್ದಾನೆ. ಎಲ್ಲರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಹೇಗೆ ಆರಿಸಬೇಕು ಅನ್ನುವುದನ್ನು ಹೇಳಬಲ್ಲೆ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಯಾಕೆ ಬಿಟ್ಟಿರಿ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಪರೀಕ್ಷೆ, ನೌಕರಿ, ಮದುವೆ, ಕೂಸು ಅಂತ ಬಿಟ್ಟುಹೋಯಿತೋ, ಕತೆಯೇ ಸಪ್ಪೆ ಅನ್ನಿಸಿತೋ, ಅಥವಾ ಪ್ರೀತಿಯ ಪಾತ್ರ ಗುರುತೇ ಸಿಗದ ಹಾಗೆ ಬದಲಾಯಿತೋ? ಈ ಮೂರಕ್ಕೆ ಮೂರು ಬೇರೆ ದಾರಿ. ಕಾರಣ ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ಆಮೇಲೆ, ಯಾವುದಕ್ಕಾಗಿ ಮರಳುತ್ತಿದ್ದೀರಿ? ಕೆಲವರಿಗೆ ಕೊನೆಗೆ ಏನಾಯಿತು ಅನ್ನುವುದು ತಿಳಿಯಬೇಕು, ಅಷ್ಟೇ. ಇನ್ನು ಕೆಲವರಿಗೆ ಆ ಊರಿನಲ್ಲಿ, ಆ ಮಂದಿಯ ನಡುವೆ ಮತ್ತೆ ಸ್ವಲ್ಪ ದಿನ ಇರಬೇಕು. ಕೊನೆ ಬೇಕಾದವರು ಪುಟ ಹಾರಿಸಬಹುದು. ಊರು ಬೇಕಾದವರು ಹಾರಿಸಿದರೆ ಬಂದದ್ದೇ ದಂಡ.

ಎಷ್ಟು ನೆನಪಿದೆ ಅನ್ನುವುದನ್ನು ಅಂದಾಜಿನ ಮೇಲೆ ಬಿಡಬೇಡಿ. ಒಂದು ಹಾಳೆ ತೆಗೆದುಕೊಂಡು ಐದು ನಿಮಿಷದಲ್ಲಿ ನೆನಪಾದ ಹೆಸರು, ಊರು, ಜಗಳ, ಯಾರಿಗೆ ಯಾರ ಮೇಲೆ ಸಿಟ್ಟು ಅಂತ ಎಲ್ಲ ಬರೆಯಿರಿ. ಹಾಳೆ ತುಂಬಿದರೆ ನೆನಪು ಗಟ್ಟಿಯಿದೆ. ನಾಲ್ಕು ಹೆಸರಿಗೇ ಪೆನ್ನು ನಿಂತರೆ ಬಿಟ್ಟ ಕಡೆಯಿಂದ ನೇರ ಹೋಗುವ ಆಸೆ ಬಿಡಿ.

ಕೊನೆಗೆ ಹೊತ್ತು, ದುಡ್ಡು ಮತ್ತು ಕಣ್ಣು. ಕಣ್ಣನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಇಪ್ಪತ್ತರಲ್ಲಿ ಓದಿದ ಸಣ್ಣಕ್ಷರದ ಪುಸ್ತಕವನ್ನು ನಲವತ್ತೆರಡರಲ್ಲಿ ತೆರೆದರೆ ಚಾಳೀಸು ಹಾಕಿಕೊಂಡರೂ ಹತ್ತು ಪುಟಕ್ಕೆ ಕಣ್ಣು ಉರಿಯುತ್ತದೆ.

ಮೊದಲ ಪುಸ್ತಕದಿಂದ ಮತ್ತೆ

ಸರಣಿ ಚಿಕ್ಕದಿದ್ದರೆ ಬೇರೆ ಯೋಚನೆಯೇ ಬೇಡ, ಇದೇ ಸರಿ. ಹ್ಯಾರಿ ಪಾಟರ್ ಅನ್ನೇ ತೆಗೆದುಕೊಳ್ಳಿ. 1997ರಲ್ಲಿ ಬಂದ ಮೊದಲನೆಯದಕ್ಕೆ ಬ್ರಿಟನ್ನಿನ ಮುದ್ರಣದಲ್ಲಿ 223 ಪುಟ. 2000ದಲ್ಲಿ ಬಂದ ನಾಲ್ಕನೆಯದಕ್ಕೆ 636. ಮೂರು ವರ್ಷ ಬಿಟ್ಟು 2003ರಲ್ಲಿ ಬಂದ ಐದನೆಯದಕ್ಕೆ 766. 2007ರಲ್ಲಿ ಏಳನೆಯದಕ್ಕೆ ಮುಗಿಯುತ್ತದೆ. ಏಳೂ ಸೇರಿ 3,400 ಪುಟ ಚಿಲ್ಲರೆ. ದಿನಕ್ಕೆ 30 ಪುಟ ಓದಿದರೂ ನಾಲ್ಕು ತಿಂಗಳೊಳಗೆ ಮುಗಿಯುತ್ತದೆ.

ಗದಗದ ಗೆಳತಿ ಐದನೆಯದಕ್ಕೆ ಬಿಟ್ಟದ್ದು ಹುಡುಗನ ಸಿಟ್ಟು ಸಹಿಸಲಾರದೆ. ಮಾತೆತ್ತಿದರೆ ಕೂಗಾಡುತ್ತಾನೆ, ಎಲ್ಲರ ಮೇಲೂ ಹರಿಹಾಯುತ್ತಾನೆ. ಮೊದಲ ಪುಸ್ತಕದ ಆ ಪಾಪದ ಕೂಸು ಎಲ್ಲಿ ಹೋಯಿತು ಅಂತ ಅವಳಿಗೆ ಆಗ ಬೇಜಾರಾಗಿತ್ತು. ಅವಳು ಆಗ ಹದಿನಾರರವಳು. ಈಗ ಅವಳೇ ಒಂಬತ್ತು, ಹತ್ತನೇ ಇಯತ್ತೆಯ ಮಕ್ಕಳಿಗೆ ಕಲಿಸುತ್ತಾಳೆ. ಮನೆಯಲ್ಲಿ ಏನೋ ಆಗಿ ಕ್ಲಾಸಿನಲ್ಲಿ ಬೆಂಚು ಗುದ್ದುವ ಹುಡುಗರನ್ನು ದಿನಾ ನೋಡುತ್ತಾಳೆ. ನಾನು ಅವಳಿಗೆ ಹೇಳಿದ್ದು ಇಷ್ಟೇ: ಮೊದಲಿಂದ ಓದು, ಐದನೆಯದಕ್ಕೆ ಬರುವ ಹೊತ್ತಿಗೆ ಆ ಸಿಟ್ಟು ನಿನಗೆ ಗೊತ್ತಿರುವ ಸಿಟ್ಟೇ ಆಗಿರುತ್ತದೆ. ಹನ್ನೊಂದು ವರ್ಷದ ಕೂಸು ಹದಿನೇಳರ ಆಳಾಗುವ ಕತೆ ಅದು. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರೆ ಬದಲಾವಣೆ ಸಹಜವಾಗಿ ಕಾಣುತ್ತದೆ. ನಡುವಿನ ಮೆಟ್ಟಿಲಿಗೆ ನೇರ ಹಾರಿದರೆ ಕಾಲು ಉಳುಕುತ್ತದೆ.

ಇದೇ ಮಾತನ್ನು ಅಕ್ಕನ ಮಗಳಿಗೆ ಹೇಳಲಿಲ್ಲ. ಅವಳದು 14 ಪುಸ್ತಕದ ಸರಣಿ, ಹತ್ತು ಸಾವಿರ ಪುಟ ದಾಟುತ್ತದೆ. ದಿನಕ್ಕೆ 30 ಪುಟ ಅಂದರೆ ಒಂದು ವರ್ಷ. ಮೊದಲಿಂದ ಹೊರಟವರು ಹೋದ ಸಲ ದಣಿದ ಜಾಗಕ್ಕೇ ಬಂದು ಮತ್ತೆ ದಣಿಯುವುದು ಜಾಸ್ತಿ. ನನಗೆ ಗೊತ್ತಿರುವ ಇಬ್ಬರಿಗೆ ಹಾಗೇ ಆಗಿದೆ. ಮೊದಲ ಆರು ಪುಸ್ತಕ ಅವರಿಗೆ ಬಾಯಿಪಾಠ ಬರುತ್ತವೆ, ಕೊನೆಯದನ್ನು ಇನ್ನೂ ಮುಟ್ಟಿಲ್ಲ.

ಬಿಟ್ಟ ಕಡೆಯಿಂದ, ಸಾರಾಂಶ ಹಿಡಿದುಕೊಂಡು

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದೊಡ್ಡ ಸರಣಿಗೆ ಮರಳುವವರಲ್ಲಿ ಹೆಚ್ಚಿನವರಿಗೆ ಹೊಂದುವ ದಾರಿ ಇದೇ, ಆದರೆ ಸರಿಯಾಗಿ ಮಾಡುವವರು ಕಡಿಮೆ.

ಸಾರಾಂಶಗಳಲ್ಲಿ ಎರಡು ಬಗೆ. ಇಡೀ ಪುಸ್ತಕವನ್ನು ಎರಡು ಪುಟದಲ್ಲಿ ಹೇಳುವುದು ಒಂದು, ಅಧ್ಯಾಯ ಅಧ್ಯಾಯಕ್ಕೆ ನಾಲ್ಕು ಸಾಲು ಬರೆದಿರುವುದು ಇನ್ನೊಂದು. ಎರಡನೆಯದನ್ನೇ ಹುಡುಕಿ. ಎರಡು ಪುಟದ ಸಾರಾಂಶದಲ್ಲಿ ಯುದ್ಧ ಉಳಿಯುತ್ತದೆ, ಮನುಷ್ಯರು ಕಳೆದುಹೋಗುತ್ತಾರೆ. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅನ್ನುವಂಥ ವಿಷಯವೇ ಮುಂದಿನ ಪುಸ್ತಕದ ಮೊದಲ ನೂರು ಪುಟಕ್ಕೆ ಬೇಕಾಗುವುದು. ಸಾರಾಂಶ ಓದಿದ ಮೇಲೆ ಹಿಂದಿನ ಪುಸ್ತಕದ ಕೊನೆಯ ಮೂರು ಅಧ್ಯಾಯಗಳನ್ನು ಪೂರ್ತಿ ಓದಿ. ಕತೆಯ ವಿಷಯ ಸಾರಾಂಶದಲ್ಲಿ ಸಿಗುತ್ತದೆ, ಬರಹಗಾರನ ಧ್ವನಿ ಸಿಗುವುದಿಲ್ಲ. ಆ ಮೂರು ಅಧ್ಯಾಯಗಳಲ್ಲಿ ಧ್ವನಿ ಕಿವಿಗೆ ಮತ್ತೆ ಕೂರುತ್ತದೆ. ವೀಲ್ ಆಫ್ ಟೈಮ್ ಓದುವವರಿಗೆ ಇನ್ನೊಂದು ಅನುಕೂಲ ಇದೆ. ಪುಸ್ತಕದ ಹಿಂಭಾಗದಲ್ಲಿ ಹೆಸರು ಮತ್ತು ಪದಗಳ ಪಟ್ಟಿ ಕೊಟ್ಟಿರುತ್ತಾರೆ. ಅದನ್ನು ಮೊದಲೇ ಒಮ್ಮೆ ನೋಡಿಟ್ಟುಕೊಳ್ಳಿ.

ಈ ಸರಣಿಯ ಹತ್ತನೆಯದು ಬಂದದ್ದು 2003ರಲ್ಲಿ. ಅಲ್ಲಿಗೆ ಬಿಟ್ಟವರು ಅಕ್ಕನ ಮಗಳು ಒಬ್ಬಳೇ ಅಲ್ಲ. ಒಂಬತ್ತನೆಯದರ ಕೊನೆಗೆ ಒಂದು ದೊಡ್ಡ ಘಟನೆ ನಡೆಯುತ್ತದೆ. ಹತ್ತನೆಯದರ ಬಹುಭಾಗ, ಆ ಹೊತ್ತಿನಲ್ಲಿ ಉಳಿದವರೆಲ್ಲ ಎಲ್ಲೆಲ್ಲಿ ಏನು ಮಾಡುತ್ತಿದ್ದರು ಅನ್ನುವುದನ್ನೇ ಹೇಳುತ್ತದೆ. ಹೀಗಾಗಿ ನೂರಾರು ಪುಟ ಓದಿದರೂ ಕತೆ ಒಂದು ಹೆಜ್ಜೆ ಮುಂದೆ ಹೋದ ಹಾಗೆ ಅನ್ನಿಸುವುದಿಲ್ಲ. ಅಲ್ಲಿ ಬೇಸರಪಟ್ಟದ್ದು ಓದುಗರ ತಪ್ಪಲ್ಲ. ಕತೆಯ ಕೊನೆ ಬೇಕಾದವರು ಈ ಒಂದು ಪುಸ್ತಕವನ್ನು ಅಧ್ಯಾಯವಾರು ಸಾರಾಂಶದಲ್ಲಿ ಮುಗಿಸಿ, 2005ರ ಹನ್ನೊಂದನೆಯದಕ್ಕೆ ಹೋದರೆ ನಷ್ಟವಿಲ್ಲ. ಅಲ್ಲಿ ಕತೆ ಮತ್ತೆ ಓಡುತ್ತದೆ.

ಹನ್ನೆರಡನೆಯದರಿಂದ ಬೇರೆಯೇ ಒಂದು ಬದಲಾವಣೆ ಕಾದಿದೆ. ಬರೆಯುತ್ತಿದ್ದ ರಾಬರ್ಟ್ ಜೋರ್ಡಾನ್ 2007ರಲ್ಲಿ ತೀರಿಕೊಂಡರು. ಮುಂದಿನದಕ್ಕೆ ಬೇಕಾದ ಟಿಪ್ಪಣಿಗಳನ್ನು, ಕೊನೆಯ ಕೆಲವು ಭಾಗಗಳನ್ನು ಬರೆದಿಟ್ಟಿದ್ದರು. ಅವರ ಪುಸ್ತಕಗಳನ್ನು ತಿದ್ದುತ್ತಿದ್ದ ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್ ಅವರೇ ಬ್ರಾಂಡನ್ ಸ್ಯಾಂಡರ್ಸನ್ ಎಂಬ ಕಿರಿಯ ಲೇಖಕರನ್ನು ಆರಿಸಿದರು. ಒಂದೇ ಪುಸ್ತಕದಲ್ಲಿ ಮುಗಿಯಬೇಕಿದ್ದದ್ದು 2009, 2010, 2013ರಲ್ಲಿ ಮೂರು ಪುಸ್ತಕವಾಗಿ ಬಂತು.

ಬೇರೆ ಕೈ ಮುಗಿಸಿದ ಕತೆಯನ್ನು ಓದಬೇಕೋ ಬೇಡವೋ ಅಂತ ಹಿಂಜರಿಯುವವರಿಗೆ ನಾನು ಗದುಗಿನ ಭಾರತ ನೆನಪಿಸುತ್ತೇನೆ. ಕೋಳಿವಾಡದ ಕುಮಾರವ್ಯಾಸ ಬರೆದದ್ದು ಹತ್ತು ಪರ್ವ, ಗದಾಪರ್ವದವರೆಗೆ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರ್ತಿ ಮಾಡಿದ. ನಮ್ಮ ಕಡೆ ಗಮಕಿಗಳ ಬಾಯಲ್ಲಿ ಹೆಚ್ಚಾಗಿ ಕೇಳುವುದು ಆ ಹತ್ತು ಪರ್ವಗಳನ್ನೇ. ತಿಮ್ಮಣ್ಣ ಬರೆದದ್ದು ಕುಮಾರವ್ಯಾಸನ ಹಾಗೆ ಇಲ್ಲ ನಿಜ. ಆದರೆ ಕತೆ ಅರ್ಧಕ್ಕೆ ನಿಂತರೆ ಕೇಳುವವರ ಮನಸ್ಸಿನಲ್ಲಿ ಏನೋ ಉಳಿದುಬಿಡುತ್ತದೆ, ಅದನ್ನು ತೀರಿಸಲು ಒಬ್ಬರು ಮುಂದೆ ಬಂದರಲ್ವಾ, ಅದು ದೊಡ್ಡ ಮಾತು. ಸ್ಯಾಂಡರ್ಸನ್ ಬರೆದ ಮೂರರಲ್ಲಿ ಕತೆಯ ವೇಗ ಹೆಚ್ಚು, ಬಟ್ಟೆಬರೆ, ಊಟತಿಂಡಿಯ ವರ್ಣನೆ ಕಡಿಮೆ. ಮ್ಯಾಟ್ ಎಂಬ ಪಾತ್ರದ ಮಾತಿನ ಧಾಟಿ ಬದಲಾಗಿದೆ ಎಂದು ಬಹಳ ಮಂದಿ ಹೇಳುತ್ತಾರೆ. ನನಗೂ ಹನ್ನೆರಡನೆಯದರಲ್ಲಿ ಹಾಗೇ ಅನ್ನಿಸಿತು. ಮುಂದಿನ ಎರಡರಲ್ಲಿ ಅಷ್ಟಾಗಿ ಚುಚ್ಚಲಿಲ್ಲ. ಇಷ್ಟು ಮೊದಲೇ ಗೊತ್ತಿದ್ದರೆ ಸಾಕು, ಓದುವಾಗ ಎದೆ ಧಸಕ್ ಅನ್ನುವುದಿಲ್ಲ.

ಕಿವಿಯಿಂದ ಓದುವುದು

ನವನಗರದ ಗೆಳತಿ ದಿನಾ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಓಡಾಡುತ್ತಾಳೆ. ಮನೆ ಕೆಲಸ ಸೇರಿಸಿದರೆ ಕಿವಿಗೆ ದಿನಕ್ಕೆ ಒಂದೂವರೆ ತಾಸು ಸಿಗುತ್ತದೆ. ವೀಲ್ ಆಫ್ ಟೈಮ್ ಮೊದಲ ಪುಸ್ತಕದ ಆಡಿಯೋ ಸುಮಾರು 30 ತಾಸು. ಅಂದರೆ ಇಪ್ಪತ್ತು ದಿನಕ್ಕೆ ಒಂದು ಪುಸ್ತಕ. ಕುಳಿತು ಓದಲು ಹೊರಟಿದ್ದರೆ ಅವಳಿಗೆ ಮೂರು ತಿಂಗಳು ಬೇಕಾಗುತ್ತಿತ್ತು.

ಈ ಸರಣಿಯ ಆಡಿಯೋದಲ್ಲಿ ನನಗೆ ತುಂಬಾ ಹಿಡಿಸಿದ ವಿಷಯ ಒಂದಿದೆ. ಓದಿರುವವರು ಮೈಕಲ್ ಕ್ರೇಮರ್ ಮತ್ತು ಕೇಟ್ ರೀಡಿಂಗ್ ಎಂಬ ದಂಪತಿ. ಗಂಡಸರ ಕಣ್ಣಿನಿಂದ ನಡೆಯುವ ಭಾಗ ಕ್ರೇಮರ್ ಅವರದು, ಹೆಂಗಸರ ಕಣ್ಣಿನಿಂದ ನಡೆಯುವುದು ರೀಡಿಂಗ್ ಅವರದು. ಹದಿನಾಲ್ಕೂ ಪುಸ್ತಕಕ್ಕೆ ಅವೇ ಎರಡು ದನಿ. ಬರೆದ ಕೈ ಬದಲಾದರೂ ಹೇಳುವ ಬಾಯಿ ಬದಲಾಗುವುದಿಲ್ಲ. ಲೇಖಕ ಬದಲಾದ ಪುಸ್ತಕಗಳ ಬಗ್ಗೆ ಅಳುಕು ಇರುವವರಿಗೆ ಇದು ಒಳ್ಳೆಯ ದಾರಿ.

ತೊಂದರೆಗಳೂ ಇವೆ. ಹೆಸರು ಕಿವಿಗೆ ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಎರಡು ಪುಟ ಹಿಂದೆ ತಿರುಗಿಸಿ ನೋಡುವುದು ಕಷ್ಟ. ರಾತ್ರಿ ಪಾಳಿ ಮುಗಿಸಿ ಕೇಳುತ್ತಾ ನಿದ್ದೆ ಹೋದರೆ ಎಲ್ಲಿ ಬಿಟ್ಟೆ ಅಂತ ಹುಡುಕುವುದೇ ಒಂದು ಕೆಲಸ. ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಇಂಗ್ಲಿಷ್ ಓದುವುದಕ್ಕಿಂತ ಕೇಳುವುದು ಮೊದಲ ವಾರ ಭಾರ ಅನ್ನಿಸಬಹುದು. ವೇಗ ಸ್ವಲ್ಪ ಇಳಿಸಿ ಕೇಳಿ, ನಾಚಿಕೆ ಪಡಬೇಡಿ. ಒಮ್ಮೆ ಓದಿದ ಪುಸ್ತಕಗಳನ್ನು ಕಿವಿಯಿಂದ, ಹೊಸ ಪುಸ್ತಕಗಳನ್ನು ಕಣ್ಣಿನಿಂದ ಅಂತ ಹಂಚಿಕೊಂಡರೆ ಎರಡರ ಲಾಭವೂ ಸಿಗುತ್ತದೆ. ಖರ್ಚಿನ ಮಾತು ಬಂದರೆ, ತಿಂಗಳ ಚಂದಾ ಕಟ್ಟಿ ಕೇಳದೆ ಬಿಟ್ಟರೆ ಇದೇ ದುಬಾರಿ ದಾರಿ.

ಬೇಕಾದಲ್ಲಿ ನಿಲ್ಲುವುದು

ಎಲ್ಲವನ್ನೂ ಓದಿ ಮುಗಿಸಲೇಬೇಕು ಅಂತ ಯಾರೂ ಕಾಯಿದೆ ಮಾಡಿಲ್ಲ. ಆದರೂ ಈ ದಾರಿಯನ್ನು ನಾನು ಅಳುಕಿನಿಂದಲೇ ಹೇಳುತ್ತೇನೆ, ಯಾಕೆಂದರೆ ನಾನೇ ಒಮ್ಮೆ ಅವಸರದಲ್ಲಿ ನಿಂತುಬಿಟ್ಟಿದ್ದೆ.

ಅರ್ಸುಲಾ ಲ ಗ್ವಿನ್ ಅವರ ಅರ್ಥ್‌ಸೀ ಸರಣಿಯ ಮೊದಲ ಮೂರು ಪುಸ್ತಕ ಬಂದದ್ದು 1968ರಿಂದ 1972ರ ನಡುವೆ. ದ್ವೀಪಗಳ ಲೋಕ, ನಿಜವಾದ ಹೆಸರು ಗೊತ್ತಾದರೆ ಆ ವಸ್ತುವಿನ ಮೇಲೆ ಅಧಿಕಾರ ಸಿಗುವ ಮಂತ್ರವಿದ್ಯೆ, ಗೆಡ್ ಎಂಬ ಮಂತ್ರವಾದಿ. ಮೂರೂ ತೆಳ್ಳಗಿನ ಪುಸ್ತಕಗಳು. ಕರ್ನಾಟಕ ಕಾಲೇಜಿನಲ್ಲಿ ಓದುವಾಗ ಒಂದೇ ವಾರದಲ್ಲಿ ಮೂರೂ ಮುಗಿಸಿದ್ದೆ. ನಾಲ್ಕನೆಯದು ‘ಟೆಹಾನು’. ಅದು ಬಂದದ್ದು 1990ರಲ್ಲಿ, ಹದಿನೆಂಟು ವರ್ಷ ಬಿಟ್ಟು. ಅದರಲ್ಲಿ ಗೆಡ್ ಶಕ್ತಿಯೆಲ್ಲ ಕಳೆದುಕೊಂಡ ಸಾದಾ ಮನುಷ್ಯ, ಆಡು ಕಾಯುತ್ತಾನೆ. ಕತೆಯ ನಡುವೆ ಇರುವವಳು ಟೆನಾರ್, ಗಂಡ ತೀರಿಕೊಂಡ ರೈತ ಹೆಂಗಸು. ಬೆಂಕಿಯಲ್ಲಿ ಸುಟ್ಟು ಅರ್ಧ ಮುಖ ಹೋದ ಒಂದು ಕೂಸನ್ನು ಮನೆಗೆ ತಂದು ಸಾಕುತ್ತಾಳೆ. ಯುದ್ಧವಿಲ್ಲ, ಹಡಗಿನ ಪಯಣವಿಲ್ಲ. ಒಲೆ, ನೀರು, ಬಟ್ಟೆ, ಬಾಗಿಲಿಗೆ ಅಗುಳಿ ಹಾಕಿಕೊಂಡು ಹೆದರುತ್ತಾ ಕೂರುವ ರಾತ್ರಿ.

ಇಪ್ಪತ್ತೆರಡರಲ್ಲಿ ಅರವತ್ತು ಪುಟ ಓದಿ ಅದನ್ನು ಅಟ್ಟಕ್ಕೆ ಹಾಕಿದೆ. ನನ್ನ ಗೆಡ್‌ನನ್ನು ಕಸಿದುಕೊಂಡರು ಅನ್ನಿಸಿತ್ತು. ನಲವತ್ತೊಂದರಲ್ಲಿ, ಅವ್ವನ ಆರೈಕೆ ಮಾಡುತ್ತಾ ಮನೆಯಲ್ಲೇ ಇದ್ದ ಒಂದು ಮಳೆಗಾಲದಲ್ಲಿ, ಅದನ್ನು ಕೆಳಗಿಳಿಸಿದೆ. ಟೆನಾರ್ ಆ ಕೂಸಿಗೆ ಉಣಿಸುವ, ಮಲಗಿಸುವ ಸಾಲುಗಳನ್ನು ಓದುವಾಗ ನನ್ನ ಕೈಯಲ್ಲಿ ಅವ್ವನ ಔಷಧದ ಚಮಚ ಇತ್ತು. ಅರ್ಥ್‌ಸೀ ಅಂದರೆ ಈಗ ನನಗೆ ಮೊದಲು ನೆನಪಾಗುವುದು ಆ ನಾಲ್ಕನೆಯದೇ.

ಅದಕ್ಕೇ ಹೇಳುತ್ತೇನೆ: ಮೂರಕ್ಕೆ ನಿಲ್ಲಬೇಕೆನ್ನಿಸಿದರೆ ನಿಲ್ಲಿ, ಅಲ್ಲಿಗೆ ಕತೆಗೆ ಒಂದು ಮುಕ್ತಾಯ ಇದೆ. ಆದರೆ ನಾಲ್ಕನೆಯದನ್ನು ಕೊಟ್ಟುಬಿಡಬೇಡಿ, ಕಪಾಟಿನಲ್ಲಿರಲಿ. ಲ ಗ್ವಿನ್ ಅದನ್ನು ‘ಕೊನೆಯ ಪುಸ್ತಕ’ ಎಂದೇ ಹೆಸರಿಸಿದ್ದರು, ಆಮೇಲೆ 2001ರಲ್ಲಿ ಇನ್ನೆರಡು ಬರೆದರು. ಬರೆದವರೇ ಮನಸ್ಸು ಬದಲಿಸಿದ್ದಾರೆ, ನೀವೂ ಬದಲಿಸಬಹುದು. ಎಲ್ಲ ಸೇರಿಸಿ ಚಿತ್ರಗಳೊಂದಿಗೆ 2018ರಲ್ಲಿ ಬಂದ ಒಂದೇ ದೊಡ್ಡ ಸಂಪುಟವೂ ಇದೆ. ನೋಡಲು ಬಹಳ ಚೆಂದ, ಬೆಲೆ ಜಾಸ್ತಿ, ತೂಕವೂ ಜಾಸ್ತಿ. ಮಲಗಿ ಓದುವವರು ಬಿಡಿ ಪುಸ್ತಕಗಳನ್ನೇ ಕೊಳ್ಳಿ.

ಮುಗಿಯದ ಸರಣಿಯಾದರೆ

ಹಾವೇರಿಯ ಹುಡುಗನದು ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಸಾಂಗ್ ಆಫ್ ಐಸ್ ಅಂಡ್ ಫೈರ್’. 1996ರಲ್ಲಿ ಶುರುವಾಯಿತು, ಐದನೆಯದು 2011ರಲ್ಲಿ ಬಂತು, ಆರನೆಯದು ಇನ್ನೂ ಬಂದಿಲ್ಲ. ಇದರಿಂದ ಮಾಡಿದ ಟಿವಿ ಸರಣಿ ‘ಗೇಮ್ ಆಫ್ ಥ್ರೋನ್ಸ್’ 2019ರಲ್ಲಿ ತನ್ನದೇ ರೀತಿಯಲ್ಲಿ ಮುಗಿದಿದೆ. ಹೇಗೋ ಒಂದು ಕೊನೆ ಬೇಕು ಅನ್ನುವವರು ಅದನ್ನು ನೋಡಿ ಮುಗಿಸಬಹುದು. ಪುಸ್ತಕದ ಕೊನೆಯೂ ಅದೇ ಅಂತ ಮಾತ್ರ ತಿಳಿಯಬೇಡಿ.

ಮತ್ತೆ ಓದುವವರು 2000ದ ಮೂರನೆಯದರವರೆಗೆ ನೇರ ಓದಿ. ನಾಲ್ಕು ಮತ್ತು ಐದನೆಯದರಲ್ಲಿ ಲೇಖಕರು ಪಾತ್ರಗಳನ್ನು ಪ್ರದೇಶದ ಪ್ರಕಾರ ಹಂಚಿದ್ದಾರೆ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎರಡೂ ನಡೆಯುತ್ತವೆ. ಹೀಗಾಗಿ ನಾಲ್ಕನೆಯದರಲ್ಲಿ ನಿಮ್ಮ ಇಷ್ಟದ ಅರ್ಧ ಮಂದಿ ಕಾಣುವುದೇ ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಅಧ್ಯಾಯಗಳನ್ನು ಹೆಣೆದು ಓದುವ ಕ್ರಮವನ್ನು ಅಭಿಮಾನಿಗಳು ಮಾಡಿದ್ದಾರೆ. ಎರಡನೇ ಓದಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಕಾಯುವುದೇ ಸಾಕಾಗಿದೆ ಅನ್ನುವವರಿಗೆ ಅದೇ ಲೋಕದ ಮೂರು ನೀಳ್ಗತೆಗಳ ಸಂಗ್ರಹ ಇದೆ, ‘ಎ ನೈಟ್ ಆಫ್ ದ ಸೆವೆನ್ ಕಿಂಗ್ಡಮ್ಸ್’. ಒಬ್ಬ ಎತ್ತರದ ಯೋಧ, ಅವನ ಜೊತೆಗಿನ ಹುಡುಗ. ಒಂದೊಂದು ಕತೆಯೂ ತನ್ನಷ್ಟಕ್ಕೆ ಮುಗಿಯುತ್ತದೆ. ಹಾವೇರಿಗೆ ನಾನು ಕಳಿಸಿದ್ದು ಅದನ್ನೇ.

ಕೊಳ್ಳುವಾಗ

ಪೂರ್ತಿ ಸೆಟ್ ಒಮ್ಮೆಗೇ ಕೊಳ್ಳಬೇಡಿ. ಮರಳುವ ಉತ್ಸಾಹ ಮೂರನೆಯದಕ್ಕೆ ಇಳಿದರೆ ಉಳಿದವು ಸುಮ್ನೆ ಧೂಳು ತಿನ್ನುತ್ತವೆ. ಈಗಿನದು, ಅದರ ಮುಂದಿನದು, ಎರಡು ಸಾಕು. ಹಳೆ ಪುಸ್ತಕದ ಅಂಗಡಿಯಲ್ಲಿ ಈ ದಪ್ಪ ಪುಸ್ತಕಗಳು ಆಗಾಗ ಸಿಗುತ್ತವೆ. ಬೆನ್ನು ಮುರಿದಿದೆಯೇ, ಮಳೆಗಾಲದ ಬೂಷ್ಟು ಹಿಡಿದಿದೆಯೇ, ಕೊನೆಯ ಹಾಳೆಗಳು ಇವೆಯೇ ಅಂತ ಅಲ್ಲೇ ನಿಂತು ನೋಡಿ. ಒಮ್ಮೆ ನಾನು 120 ರೂಪಾಯಿ ಕೊಟ್ಟು ತಂದ ಪುಸ್ತಕದಲ್ಲಿ ಕೊನೆಯ ಎಂಟು ಪುಟ ಇರಲಿಲ್ಲ. ಅಂಗಡಿಯಲ್ಲೇ ಒಂದು ಪುಟ ಕನ್ನಡಕ ಹಾಕಿಕೊಂಡು ಓದಿ ನೋಡಿ. ಅಕ್ಷರ ಸಣ್ಣದೆನಿಸಿದರೆ ಇ-ಪುಸ್ತಕವೇ ಒಳ್ಳೆಯದು. ಬೇಕಾದಷ್ಟು ದೊಡ್ಡದು ಮಾಡಬಹುದು, ಚಿಗರಿಯಲ್ಲಿ ನಿಂತೂ ಓದಬಹುದು.

ಅಕ್ಕನ ಮಗಳಿಗೆ ಆ ದಿನ ಹಾಳೆ, ಪೆನ್ನು ಕೊಟ್ಟೆ. ಚಹಾ ಕುದಿಯುವಷ್ಟರಲ್ಲಿ ಇಪ್ಪತ್ತಾರು ಹೆಸರು ಬರೆದಿದ್ದಳು. ಬಿಟ್ಟದ್ದು ಯಾಕೆ ಅಂದರೆ, “ಏನೂ ಆಗವಲ್ದಾಗಿತ್ತು ಚಿಗವ್ವ” ಅಂದಳು. ಬೇಕಾದದ್ದು ಕೊನೆ. ಹಾಗಾದರೆ ಹತ್ತನೆಯದನ್ನು ಸಾರಾಂಶದಲ್ಲಿ ಮುಗಿಸು, ಒಂಬತ್ತನೆಯದರ ಕೊನೆಯ ಮೂರು ಅಧ್ಯಾಯ ಓದು, ಆಮೇಲೆ ಹನ್ನೊಂದನೆಯದು ಅಂತ ಹೇಳಿ, ನನ್ನ ಕಪಾಟಿನಿಂದ ಎರಡನ್ನೂ ಕೊಟ್ಟು ಕಳಿಸಿದೆ. ನಿನ್ನೆ ಫೋನ್ ಮಾಡಿದ್ದಳು, ಹನ್ನೊಂದನೆಯದರ 140ನೇ ಪುಟದಲ್ಲಿದ್ದಾಳಂತೆ. ಹತ್ತನೆಯದು ನಮ್ಮ ಮನೆಯಲ್ಲೇ ಉಳಿದಿದೆ, ಬಿಳಿ ಚೀಟಿ ಇಟ್ಟಲ್ಲೇ ಇದೆ.